ನುಣ್ಣಗಾದ ನೆಲ

ಕೊಡೆ ಸಾಹೇಬರು ಬರಿಯ ಸಿಮೆಂಟ್ ನೆಲಕ್ಕೆ ಕೆನ್ನೆ ಆನಿಸಿ ಬೋರಲು ಮಲಗಿದ್ದರು. ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು ನೆಲದ ಮೇಲೆ ಜಾರುತ್ತಾ ಕೋಣೆಯ ಎದುರು ಮೂಲೆಯವರೆಗೆ ಹೋಗಿ ನಿಂತಿತ್ತು. ಪಕ್ಕದಲ್ಲಿ ಅವರ ಕೊಡೆಯೂ ಮಲಗಿತ್ತು. ಮಳೆ ಇರಲಿ ಬಿಡಲಿ, ಆ ಕೊಡೆ ಇಲ್ಲದೆ ಅವರು ಹೊರಗೆ ಕಾಲಿಟ್ಟದ್ದನ್ನು ಕಂಡವರಿಲ್ಲ. ಪತ್ತೇದಾರಿ ಕಚೇರಿಯ ಬೋರ್ಡಿನ ಮೇಲೆ ಬರೆಸಿದ್ದ ಹೆಸರು ಜನಕ್ಕೆ ಎಂದೋ ಮರೆತುಹೋಗಿತ್ತು.

"ಎದೆ ನೋವಾ?" ಎಂದು ಬಾಗಿಲಲ್ಲಿ ನಿಂತ ಟೆಲಿಫೋನ್ ಅಕ್ಕ ಕೇಳಿದರು. ಕೈಯಲ್ಲಿ ಎರಡು ಲೋಟ ಕಾಫಿ ಇತ್ತು.

"ಇಲ್ಲಮ್ಮ, ನೆಲ ನೋಡ್ತಿದ್ದೀನಿ."

"ಮೇಸ್ತ್ರಿನೂ ಹೀಗೇ ಮಲಗಿ ನೋಡೋನು. ಮೊದಲನೇ ದಿನ ನನಗೆ ಜೀವ ಬಾಯಿಗೆ ಬಂದಿತ್ತು."

ಸಾಹೇಬರು ಎದ್ದು ಕೂತು ಮಂಡಿ ಉಜ್ಜಿಕೊಂಡರು. ವಯಸ್ಸು ಅವರ ಮಂಡಿಯಲ್ಲಿ ಮನೆ ಮಾಡಿತ್ತು, ಬೇರೆಲ್ಲೂ ಅಲ್ಲ ಎಂದು ಅವರ ನಂಬಿಕೆ. ಲೋಟ ತೆಗೆದುಕೊಳ್ಳುವಾಗ ಅಕ್ಕ ಒಂದು ಕ್ಷಣ ತಡೆದದ್ದನ್ನು ಅವರು ಗಮನಿಸಿದರು. ಆ ಎರಡನೇ ಲೋಟ ತಮಗಾಗಿ ಮಾಡಿದ್ದಲ್ಲ, ಮೇಸ್ತ್ರಿಗೆ ಮಾಡಿಕೊಡುತ್ತಿದ್ದ ಅಭ್ಯಾಸಬಲದಿಂದ ಒಲೆಯ ಮೇಲೆ ಏರಿದ್ದು ಎಂದು ಅವರಿಗೆ ಗೊತ್ತಾಯಿತು.

ಈ ಕೋಣೆಯ ನೆಲ ಮಟ್ಟ ಮಾಡಲು ಬಂದಿದ್ದ ಮೇಸ್ತ್ರಿ, ಅಕ್ಕ ಊರಲ್ಲಿಲ್ಲದ ದಿನ ಕೆಲಸ ಮುಗಿಸಿ ಕಾಣೆಯಾಗಿದ್ದ. ಅಕ್ಕನ ಅಮ್ಮನ ಕಾಲದ ಚಿನ್ನದ ಸರವೂ ಅದೇ ದಿನ ಕಾಣೆಯಾಗಿತ್ತು. ಪೊಲೀಸರು ಎರಡಕ್ಕೂ ಗಂಟು ಹಾಕಿ ಕೈ ತೊಳೆದುಕೊಂಡಿದ್ದರು.

ಮೇಸ್ತ್ರಿಯ ಹೆಂಡತಿ ಮಾತ್ರ ಸಾಹೇಬರ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ಅಳಲಿಲ್ಲ. "ಕಳ್ಳನ ಹೆಂಡ್ತಿ ಅಂತ ನಲ್ಲಿ ಹತ್ರ ಯಾರೂ ಜಾಗ ಬಿಡ್ತಿಲ್ಲ ಸಾರ್. ಸತ್ತಿದ್ರೆ ಸತ್ತಿದ್ದಾರೆ ಅಂತ ಹೇಳಿ. ಕಳ್ಳ ಅಂತ ಮಾತ್ರ ಹೇಳಬೇಡಿ," ಎಂದಷ್ಟೇ ಹೇಳಿದ್ದಳು.

ಆ ಮಾತಿಗೆ ಉತ್ತರ ಸಿಗುವುದಾದರೆ ಈ ನೆಲದಲ್ಲೇ ಸಿಗಬೇಕು. ಇವತ್ತು ಟೈಲ್ಸ್ ಹಾಕುವವರು ಬರುತ್ತಾರೆಂದು ಅಂಗಡಿಯಿಂದ ಅಕ್ಕನಿಗೆ ಹೇಳಿ ಕಳಿಸಿದ್ದರು. ಟೈಲ್ಸ್ ಕೂತರೆ ನೆಲದ ಬಾಯಿ ಮುಚ್ಚಿಬಿಡುತ್ತದೆ.

"ಅವನಿದ್ದಷ್ಟು ದಿನ ಮನೇಲಿ ಸದ್ದಿತ್ತು ನೋಡಿ. ಉಬ್ಬು ಇದ್ದ ಕಡೆ ಉಳಿ ಇಟ್ಟು ಚಚ್ಚೋನು, ತಗ್ಗಿದ್ದ ಕಡೆ ತುಂಬೋನು. ಧೂಳು ಅಂದ್ರೆ ಧೂಳು. ಬೈದುಕೊಂಡೇ ಗುಡಿಸ್ತಿದ್ದೆ. ಈಗ ಗುಡಿಸೋಕೆ ಏನೂ ಇಲ್ಲ," ಎಂದರು ಅಕ್ಕ.

ಟೆಲಿಫೋನ್ ಕಚೇರಿಯಲ್ಲಿ ಕೂತು ಊರವರ ಮಾತನ್ನು ಊರವರಿಗೆ ಜೋಡಿಸುತ್ತಲೇ ಅವರ ಆಯುಷ್ಯದ ಮುಕ್ಕಾಲು ಪಾಲು ಕಳೆದಿತ್ತು. ನಿವೃತ್ತಿಯಾದ ಮೇಲೆ ಅವರ ಮನೆಯ ಫೋನು ಸದ್ದು ಮಾಡುವುದನ್ನೇ ಮರೆತಿತ್ತು. ಸಾಹೇಬರಿಗೆ ಏನಾದರೂ ಹೇಳಬೇಕೆನಿಸಿತು. ಹೆಂಡತಿ ಹೋದ ಮೇಲೆ ಅವರಿಗೂ ಅಂಥ ಮಾತುಗಳ ರೂಢಿ ತಪ್ಪಿತ್ತು. ಕಾಫಿ ಚೆನ್ನಾಗಿದೆ ಎಂದರು.

ಹೊರಗೆ ಗಾಡಿ ನಿಂತ ಸದ್ದಾಯಿತು. ಗಡ್ಡದವನೊಬ್ಬ ಟೈಲ್ಸ್ ಪೆಟ್ಟಿಗೆಯನ್ನು ಹೆಗಲಿಂದ ಇಳಿಸಿ ಕೋಣೆಗೆ ಬಂದ. ಚಪ್ಪಲಿ ಬಿಟ್ಟು ನೆಲದ ಮೇಲೆ ಅಂಗೈ ಸವರಿದವನೇ ಹುಬ್ಬು ಗಂಟು ಹಾಕಿದ.

"ಇದ್ಯಾರು ಮಾಡಿದ್ದು?"

"ಆ ಮೇಸ್ತ್ರಿನೇ ಅಲ್ವಾ," ಎಂದರು ಅಕ್ಕ.

"ಅವರಾ? ಇರಲಾರದು ಬಿಡಿ. ಅವರ ಜೊತೆ ನಾನು ಕೆಲಸ ಮಾಡಿದ್ದೀನಿ." ಅವನು ನೆಲದಲ್ಲಿ ಅಲ್ಲಲ್ಲಿ ಹುದುಗಿದ್ದ ಟೈಲ್ಸ್ ಚೂರುಗಳನ್ನು ತೋರಿಸಿದ. "ಈ ಚೂರು ಕೂರಿಸಿರೋದು ಅವರೇ. ನೀರು ತುಂಬಿದ ಪೈಪು ಹಿಡಿದು ಎಲ್ಲ ಕಡೆ ಒಂದೇ ಎತ್ತರಕ್ಕೆ ಗುರುತು ಮಾಡಿದ್ದಾರೆ. ಅದಕ್ಕೇ ಮಟ್ಟ ಸರಿಯಾಗಿದೆ. ಆದ್ರೆ ನಡುವೆ ಗಾರೆ ತುಂಬಿದ ಕೈ ಬೇರೆ. ಒರಟಾಗಿ ಬಿಡಬೇಕಿತ್ತು. ಹೀಗೆ ಕನ್ನಡಿ ಥರ ತಿಕ್ಕಿದ್ರೆ ಟೈಲ್ಸ್ ಹಿಡಿಯೋದು ಹ್ಯಾಗೆ? ಈಗ ಪೂರ್ತಿ ಉಳಿಯಲ್ಲಿ ಗೀರಬೇಕು."

ಸಾಹೇಬರ ಕಿವಿ ನೆಟ್ಟಗಾಯಿತು. "ಇವತ್ತೇ ಬರೋಕೆ ನಿಮಗೆ ಹೇಳಿದ್ದು ಯಾರಪ್ಪ?"

"ಅಂಗಡಿಗೆ ಫೋನ್ ಬಂದಿತ್ತಂತೆ. ಈ ಮನೆಯವರ ತಮ್ಮ ಅಂತೆ. ಬೇಗ ಹಾಕಿ ಮುಗಿಸಿಬಿಡಿ ಅಂದ್ರಂತೆ."

ಗಡ್ಡದವನು ಗೀರುವ ಉಳಿ ತರುತ್ತೇನೆಂದು ಹೊರಟ. ಉಳಿ ತರುವ ದಾರಿಯಲ್ಲಿ ಟೀ ಅಂಗಡಿಯೂ ಬರುತ್ತದೆ ಎಂದು ಅವನ ನಡಿಗೆಯೇ ಹೇಳುತ್ತಿತ್ತು. ಸಾಹೇಬರಿಗೆ ಸಿಕ್ಕಿದ್ದು ಅಷ್ಟೇ ಹೊತ್ತು.

"ನನ್ನ ತಮ್ಮ ನನ್ನ ಜೊತೆ ಮಾತಾಡೋದಿಲ್ಲ," ಎಂದರು ಅಕ್ಕ, ಯಾರೂ ಕೇಳದಿದ್ದರೂ.

ಅದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಅಪ್ಪ ಹೋದ ಮೇಲೆ ಮನೆ ಎರಡು ಭಾಗವಾಯಿತು. ಅಕ್ಕನ ಬಾಗಿಲು ಈ ಬೀದಿಗೆ, ತಮ್ಮನ ಬಾಗಿಲು ಹಿಂದಿನ ಬೀದಿಗೆ. ನಡುವೆ ಇದ್ದ ಒಂದೇ ಒಂದು ಬಾಗಿಲಿಗೆ ತಮ್ಮ ಆ ಕಡೆಯಿಂದ ಚಿಲಕ ಹಾಕಿಕೊಂಡ, ಅಕ್ಕ ಈ ಕಡೆಯಿಂದ ಬೀರು ಅಡ್ಡ ನಿಲ್ಲಿಸಿದರು. ಅವನೂ ಮದುವೆಯಾಗಲಿಲ್ಲ, ಇವರೂ ಆಗಲಿಲ್ಲ. ಒಂದೇ ಗೋಡೆಗೆ ಬೆನ್ನು ಹಾಕಿಕೊಂಡು ಇಬ್ಬರೂ ವಯಸ್ಸು ಕಳೆದರು.

ನೆಲದ ಕೆಲಸಕ್ಕೆಂದು ಆ ಬೀರು ಈಗ ಹಾಲಿಗೆ ಹೋಗಿತ್ತು. ಮೂಲೆಯಲ್ಲಿ ಹಳೆಯ ಬಾಗಿಲು ಬೋಳಾಗಿ ನಿಂತಿತ್ತು.

ಸಾಹೇಬರು ಮತ್ತೆ ಬಗ್ಗಿದರು. ಗಾರೆ ಸವರುವ ಕರಣೆ ಓಡಾಡಿದ ಗುರುತು ನೆಲದ ಮೇಲೆ ಅರ್ಧಚಂದ್ರದ ಹಾಗೆ, ಒಂದರ ಮೇಲೊಂದು ತೆಳ್ಳಗೆ ಬಿದ್ದಿತ್ತು. ಅವುಗಳ ಬೆನ್ನು ಹತ್ತಿ ಕುಕ್ಕರುಗಾಲಲ್ಲಿ ಸರಿಯುತ್ತಾ ಹೋದರು. ಹಾಲಿನ ಬಾಗಿಲಿಂದ ಶುರುವಾದ ಗುರುತುಗಳು ಕೋಣೆಯ ಉದ್ದಕ್ಕೂ ಸಾಗಿ ಆ ಹಳೆಯ ಬಾಗಿಲ ಬುಡದಲ್ಲಿ ಮುಗಿದವು.

ಅಲ್ಲೇ ಕೂತು ಅವರು ತಮ್ಮಷ್ಟಕ್ಕೆ ನಕ್ಕರು.

ಹೆಂಡತಿ ಹೋದ ಹೊಸದರಲ್ಲಿ ಅವರು ಮೊದಲ ಸಲ ತಮ್ಮ ಮನೆಯ ನೆಲ ಒರೆಸಿದ್ದರು. ಬಹಳ ಉತ್ಸಾಹದಿಂದ ಬಾಗಿಲಿಂದ ಶುರು ಮಾಡಿ ಒಳಕ್ಕೆ ಒರೆಸಿಕೊಂಡು ಹೋದವರು ಕೊನೆಗೆ ಕಿಟಕಿಯ ಮೂಲೆಯಲ್ಲಿ ಸಿಕ್ಕಿಬಿದ್ದರು. ಹಸಿ ನೆಲ ತುಳಿಯಲು ಮನಸ್ಸಾಗದೆ ಬಟ್ಟೆ ಹಿಡಿದುಕೊಂಡು ಒಣಗುವವರೆಗೂ ಅಲ್ಲೇ ನಿಂತಿದ್ದರು. ಬೈಯಲು ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವತ್ತು ಬಹಳ ಅನಿಸಿತ್ತು.

ಹಸಿ ನೆಲದ ಮುಂದೆ ಎಲ್ಲರೂ ಒಂದೇ. ಹೋಗಬೇಕಾದ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯಬೇಕು. ಈ ನೆಲವನ್ನು ತುಂಬಿದವನು ಹಾಲಿನ ಕಡೆ ಹೋಗಿಲ್ಲ. ಈ ಮುಚ್ಚಿದ ಬಾಗಿಲಿಂದ ಹೋಗಿದ್ದಾನೆ.

ಸಾಹೇಬರು ಕೊಡೆಯ ತುದಿಯನ್ನು ಬಾಗಿಲ ಕೆಳಗೆ ತೂರಿಸಿದರು. ಸಲೀಸಾಗಿ ಹೋಯಿತು. ಕೆಳಗೆ ಒಂದು ಬೆರಳಿಗಿಂತ ಹೆಚ್ಚು ಸಂದಿ ಇತ್ತು. ಬೆಂಕಿಕಡ್ಡಿ ಗೀರಿ ನೋಡಿದರು. ಬಾಗಿಲಿನ ಮೈಯೆಲ್ಲ ಹಳೆಯ ಕಂದು ಬಣ್ಣ, ಬುಡದ ಅಂಚು ಮಾತ್ರ ಹೊಸ ಮರದ ಬಿಳುಪು.

"ಇಲ್ಲಿ ಬನ್ನಿ ಅಮ್ಮ. ನೆಲ ಎತ್ತರ ಆದಾಗ ಬಾಗಿಲ ಬುಡ ಹೆರೆಸ್ತಾರೆ. ಇಲ್ದಿದ್ರೆ ಬಾಗಿಲು ನೆಲಕ್ಕೆ ಕಚ್ಚಿಕೊಳ್ಳುತ್ತೆ, ತೆಗೆಯೋಕಾಗಲ್ಲ. ತೆಗೆಯದ ಬಾಗಿಲಿಗೆ ಈ ಸೇವೆ ಯಾತಕ್ಕೆ?"

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದರು.

"ಪೊಲೀಸರಿಗೆ ಇದನ್ನ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ?" ಎಂದರು ಅಕ್ಕ. "ಇಷ್ಟು ವರ್ಷ ಹಟ ಮಾಡಿ, ಕೊನೆಗೆ ನಾನೇ ಸೋತೆ ಅಂತಾನಾ? ಬಾಗಿಲ ಬುಡ ಹೆರೆಸೋಕೆ ನಾನೇ ಹೇಳಿದ್ದು. ಆ ಕಡೆಯಿಂದ ಚಿಲಕ ತೆಗೀಬೇಕಲ್ಲ. ನೀನೇ ತಟ್ಟಿ ಹೇಳಪ್ಪ, ಅಕ್ಕ ಬಾಗಿಲು ತೆಗೆಸ್ತಿದ್ದಾಳೆ ಅಂತ ಹೇಳು ಅಂದೆ ಮೇಸ್ತ್ರಿಗೆ. ತೆಗೀತಾನೋ ಇಲ್ವೋ ಅಂತ ಕೂತು ಕಾಯೋ ಧೈರ್ಯ ಇರಲಿಲ್ಲ. ಅದಕ್ಕೇ ಅವತ್ತು ಗೆಳತಿ ಮನೆಗೆ ಹೋಗಿಬಿಟ್ಟೆ."

ಬಾಗಿಲಿಗೆ ಅಂಗೈ ಆನಿಸಿ ಅವರೇ ಮುಂದುವರಿಸಿದರು.

"ರಾತ್ರಿ ಅವನ ಕೆಮ್ಮು ಕೇಳುತ್ತೆ ಸಾಹೇಬ್ರೇ, ಈ ಬಾಗಿಲ ಆ ಕಡೆಯಿಂದ. ಚಿಕ್ಕೋನಿದ್ದಾಗಿಂದ ಗೂರಲು ಅವನಿಗೆ. ಕೆಮ್ಮು ಕೇಳಿದ್ರೆ, ಸದ್ಯ, ಅವನಿದ್ದಾನೆ ಅನ್ಸುತ್ತೆ. ಬಿಸಿನೀರು ಕುಡಿಯೋ ಅಂತ ಇಲ್ಲಿಂದಲೇ ಮೆಲ್ಲಗೆ ಹೇಳ್ತೀನಿ. ಅವನಿಗೆ ಕೇಳಿಸುತ್ತೋ ಇಲ್ವೋ. ಹೇಳಿದ ಮೇಲೆ ನನಗೆ ನಿದ್ದೆ ಬರುತ್ತೆ. ಈ ಮನೇಲಿ ನನಗೆ ಜೊತೆ ಅಂತ ಇರೋದು ಅದೊಂದೇ."

ಸಾಹೇಬರು ತಲೆ ತಗ್ಗಿಸಿದರು. ತಮ್ಮ ಮನೆಯಲ್ಲಿ ಅಂಥದ್ದೂ ಇಲ್ಲವಲ್ಲ ಎಂದು ಅವರಿಗೆ ಹೊಟ್ಟೆಕಿಚ್ಚೇ ಆಯಿತು. ಆಮೇಲೆ ಎದ್ದು ಕೊಡೆಯ ಹಿಡಿಯಿಂದ ಹಳೆಯ ಬಾಗಿಲನ್ನು ಬಲವಾಗಿ ತಟ್ಟಿದರು.

"ತಮ್ಮನವರೇ, ನೀವು ಮಾಡಿದ ನೆಲ ಚೆನ್ನಾಗಿ ಬಂದಿದೆ. ಒಂದ್ಸಲ ಈ ಕಡೆ ಬಂದು ನೋಡಿ. ನೀವು ಬರದಿದ್ರೆ ಪೊಲೀಸರು ಬರ್ತಾರೆ."

ಆ ಕಡೆ ಮಂಚ ಕಿರುಗುಟ್ಟಿತು. ಹೆಜ್ಜೆ ಸದ್ದು ಬಾಗಿಲವರೆಗೆ ಬಂತು, ನಿಂತಿತು, ದೂರ ಹೋಯಿತು. ಬೀಗ ಹಾಕಿದ ಸದ್ದೂ ಕೇಳಿತು. ಓಡಿಹೋದನೇನೋ ಎಂದು ಸಾಹೇಬರು ಒಂದು ಗಳಿಗೆ ಪೇಚಾಡಿದರು. ಅಷ್ಟರಲ್ಲಿ ಬೀದಿ ಸುತ್ತಿಕೊಂಡು ಬಂದ ತಮ್ಮ ಹಾಲಿನ ಹೊಸ್ತಿಲಾಚೆ ನಿಂತಿದ್ದ.

ಸಣಕಲು ಮನುಷ್ಯ. ತಲೆ ನರೆತಿತ್ತು. ಕೆನ್ನೆಯ ಮೇಲೆ ದಿಂಬಿನ ಮಡಿಕೆ ಮೂಡಿತ್ತು. ಎರಡೂ ಕೈ ಅಂಗಿಯ ಜೇಬಿನಲ್ಲಿದ್ದವು. ಅಕ್ಕ ಅವನನ್ನು ನೋಡಿದರು, ಅವನು ನೆಲ ನೋಡಿದ.

"ಕೈ ಹೊರಗೆ ತೆಗೀರಿ," ಎಂದರು ಸಾಹೇಬರು.

ತಮ್ಮ ತೆಗೆದ. ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು. ಸುತ್ತದ ಕಡೆ ಚರ್ಮ ಸುಲಿದು ಬಿರುಕು ಬಿಟ್ಟಿತ್ತು.

"ಸಿಮೆಂಟು ಹೊಸಬರ ಕೈಯನ್ನ ಹೀಗೇ ತಿನ್ನುತ್ತೆ. ನಿಮ್ಮ ಕೆಲಸ ಏನು?"

"ಪತ್ರಿಕೆ ಅಚ್ಚುಕೂಟದಲ್ಲಿ ಪ್ರೂಫ್ ನೋಡ್ತೀನಿ."

"ಅದಕ್ಕೇ ಇಷ್ಟು ನೀಟು. ಒಂದು ಗುಳಿ ಬಿಟ್ಟಿಲ್ಲ. ಮೇಸ್ತ್ರಿ ಎಲ್ಲಿ?"

"ಗೊತ್ತಿಲ್ಲ ಸಾರ್."

"ನೆಲ ತುಂಬಿದ್ದು ನೀವು. ಈ ಬಾಗಿಲಿಂದ ಹೋಗಿದ್ದು ನೀವು. ಬೇಗ ಟೈಲ್ಸ್ ಹಾಕಿ ಅಂತ ಅಂಗಡಿಗೆ ಫೋನ್ ಮಾಡಿದ್ದೂ ನೀವು. ಮೇಸ್ತ್ರಿ ಮಾತ್ರ ಗೊತ್ತಿಲ್ಲ. ಅಲ್ಲಿ ಒಬ್ಬ ಹೆಂಗಸು ಕಳ್ಳನ ಹೆಂಡ್ತಿ ಅನ್ನಿಸಿಕೊಂಡು ಓಡಾಡ್ತಿದ್ದಾಳೆ, ತಮ್ಮನವರೇ."

ತಮ್ಮ ಹೊಸ್ತಿಲ ಚೌಕಟ್ಟು ಹಿಡಿದುಕೊಂಡ. "ಅವತ್ತು ಮಧ್ಯಾಹ್ನ ನಿದ್ದೆಯಲ್ಲಿದ್ದೆ. ಬಾಗಿಲು ತಟ್ಟಿದ್ರು. ಈ ಬಾಗಿಲು. ಅಕ್ಕ ತೆಗೆಸ್ತಿದ್ದಾರೆ, ನೀವೂ ತೆಗೀರಿ ಅಂದ್ರು ಮೇಸ್ತ್ರಿ. ಚಿಲಕಕ್ಕೆ ತುಕ್ಕು ಹಿಡಿದಿತ್ತು. ಇಬ್ಬರೂ ಸೇರಿ ತೆಗೆದ್ವಿ. ಬಾಗಿಲು ಕಳಚಿ ನನ್ನ ಕೋಣೇಲೇ ಬುಡ ಹೆರೆದು ವಾಪಸ್ ಕೂರಿಸಿದ್ರು. ಆಮೇಲೆ ಇಲ್ಲಿ ಗಾರೆ ಕಲಸಿದ್ರು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ."

"ಆಮೇಲೆ?"

"ಅವರು ತಲೆ ಎತ್ತಿ ನನ್ನ ಬೆನ್ನ ಹಿಂದೆ ಏನೋ ನೋಡಿದ್ರು. ನಿಮ್ಮ ಮನೇಲಿ ಇನ್ಯಾರಿದ್ದಾರೆ ಅಂದ್ರು. ಯಾರೂ ಇಲ್ಲ ಅಂದೆ. ಈಗ ಬಂದೆ ಅಂತ ಕರಣೆ ಕೆಳಗಿಟ್ಟು ನನ್ನ ಪಕ್ಕದಲ್ಲೇ ನುಗ್ಗಿದ್ರು. ನನ್ನ ಮುಂಬಾಗಿಲಿಂದ ಹಿಂದಿನ ಬೀದಿಗೆ ಓಡಿದ್ರು. ನಾನು ಹೋಗಿ ನೋಡೋಷ್ಟರಲ್ಲಿ ಬೀದಿ ಖಾಲಿ."

"ಕತೆ ಚೆನ್ನಾಗಿದೆ. ಮೇಸ್ತ್ರಿ ಓಡಿದ್ರೆ ನೀವ್ಯಾಕೆ ನೆಲ ತುಂಬಿದ್ರಿ?"

ತಮ್ಮ ಮೊದಲ ಸಲ ಅಕ್ಕನ ಮುಖ ನೋಡಿದ.

"ಕಲಸಿಟ್ಟ ಗಾರೆ ಗಟ್ಟಿಯಾಗ್ತಿತ್ತು. ಕಾದೆ, ಅವರು ಬರಲಿಲ್ಲ. ಹಾಗೇ ಬಿಟ್ರೆ ಎಲ್ಲ ಹಾಳು. ಅಕ್ಕ ಇಷ್ಟು ವರ್ಷದ ಮೇಲೆ ಬಾಗಿಲು ತೆಗೆಸ್ತಿದ್ದಾಳೆ, ಬಂದು ನೋಡಿದ್ರೆ ನೆಲ ಹಾಳಾಗಿರಬಾರದು ಅನ್ನಿಸ್ತು. ಮೇಸ್ತ್ರಿ ಇಟ್ಟ ಗುರುತು ಇತ್ತು. ಅದರ ಮಟ್ಟಕ್ಕೆ ತುಂಬಿದೆ, ತಿಕ್ಕಿದೆ. ಎಷ್ಟು ತಿಕ್ಕಿದ್ರೂ ಸಾಲದು ಅನ್ನಿಸ್ತಿತ್ತು."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಮರುದಿನ ಸರ ಕಳೆದಿದೆ ಅಂತ ಗಲಾಟೆ ಆಯ್ತು. ಈ ಮನೆ ಒಳಗೆ ನಾನೊಬ್ಬನೇ ಇದ್ದೆ ಅಂತ ಗೊತ್ತಾದ್ರೆ ಯಾರು ನಂಬ್ತಾರೆ? ಬೇರೆಯವರು ಬಿಡಿ, ಅಕ್ಕ ನಂಬ್ತಾಳಾ? ಹೆದರಿಕೊಂಡು ಚಿಲಕ ಹಾಕಿ ಕೂತೆ. ಟೈಲ್ಸ್ ಬಿದ್ರೆ ಎಲ್ಲ ಮುಚ್ಚಿಹೋಗುತ್ತೆ ಅಂತ ಫೋನ್ ಮಾಡಿದೆ. ಮೇಸ್ತ್ರಿ ಹೆಂಡ್ತಿ ಬಗ್ಗೆ ಯೋಚನೆ ಮಾಡಲಿಲ್ಲ ಸಾರ್. ಅದು ನನ್ನ ತಪ್ಪು."

ಸಾಹೇಬರು ಇವನನ್ನು ನಂಬುವುದೋ ಬಿಡುವುದೋ ಎಂದು ತೂಗುತ್ತಿದ್ದರು. ಅಕ್ಕನಿಗೆ ಆ ತಾಪತ್ರಯ ಇರಲಿಲ್ಲ. ಅವರು ನೇರ ಹೋಗಿ ತಮ್ಮನ ಬಟ್ಟೆ ಸುತ್ತಿದ ಕೈ ಹಿಡಿದು ಹೊಸ್ತಿಲೊಳಗೆ ಎಳೆದುಕೊಂಡರು. ಹಾಗೇ ಕೋಣೆಯೊಳಗೆ, ಅವನೇ ತಿಕ್ಕಿದ ನೆಲದ ಮೇಲೆ ನಡೆಸಿಕೊಂಡು ಬಂದರು.

"ದಡ್ಡ. ಕೈ ನೋಡು ಹ್ಯಾಗಾಗಿದೆ. ಮೊದಲೇ ಆ ಗೂರಲು ಬೇರೆ. ಸಿಮೆಂಟ್ ಧೂಳು ಕುಡಿದರೆ ಉಳೀತೀಯಾ? ನಿನ್ನೆ ರಾತ್ರಿ ಎಷ್ಟು ಕೆಮ್ಮಿದೆ ನೀನು. ಕೇಳೋಕಾಗಲಿಲ್ಲ ನನಗೆ."

ಕಣ್ಣು ಒರೆಸಿಕೊಳ್ಳುತ್ತಿದ್ದ ತಮ್ಮ ನಿಂತುಬಿಟ್ಟ.

"ಗೂರಲು ಹೋಗಿ ಎಷ್ಟೋ ವರ್ಷ ಆಯ್ತಲ್ಲ ಅಕ್ಕ."

"ಸುಮ್ನಿರೋ. ದಿನಾ ರಾತ್ರಿ ಕೇಳ್ತೀನಿ ನಾನು."

"ರಾತ್ರಿ ನಾನು ಮನೇಲೇ ಇರೋದಿಲ್ಲ." ತಮ್ಮನ ಮಾತು ನಿಧಾನವಾಯಿತು. "ಈ ಬಾಗಿಲು ಮುಚ್ಚಿದ ಮೇಲೆ ರಾತ್ರಿ ಹೊತ್ತು ಆ ಮನೇಲಿ ಒಬ್ಬನೇ ಇರೋಕಾಗಲಿಲ್ಲ. ನೀನು ಈ ಕಡೆ ಓಡಾಡೋ ಸದ್ದು ಕೇಳಿಸೋದು. ಅದಕ್ಕೇ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡೆ. ಅವತ್ತಿಂದ ರಾತ್ರಿಯೆಲ್ಲ ಅಚ್ಚುಕೂಟದಲ್ಲೇ. ಹಗಲು ಮಲಗ್ತೀನಿ."

ಮಧ್ಯಾಹ್ನದ ನಿದ್ದೆ, ಕೆನ್ನೆಯ ಮೇಲಿನ ದಿಂಬಿನ ಮಡಿಕೆ, ಈಗ ತಟ್ಟಿದಾಗ ಕಿರುಗುಟ್ಟಿದ ಮಂಚ. ಸಾಹೇಬರಿಗೆ ಎಲ್ಲ ಒಟ್ಟಿಗೆ ಬಂದು ಕೂಡಿಕೊಂಡಿತು. ಮೇಸ್ತ್ರಿ ತಲೆ ಎತ್ತಿ ನೋಡಿದ್ದು ಏನನ್ನೋ ಅಲ್ಲ, ಯಾರನ್ನೋ. ಓಡಿದ್ದು ಕದ್ದುಕೊಂಡಲ್ಲ, ಇಬ್ಬರೂ ಬಾಗಿಲು ಹೆರೆಯುವುದರಲ್ಲಿ ಮುಳುಗಿದ್ದಾಗ ಈ ಕಡೆ ನುಸುಳಿ ಸರ ಕದ್ದವನ ಬೆನ್ನು ಹತ್ತಿ. ಅವನ ಹೆಂಡತಿಗೆ ಹೇಳಲು ಒಂದು ಮಾತು ಸಿಕ್ಕಿತು. ಆದರೆ ಬೆನ್ನು ಹತ್ತಿದವನು ಯಾಕೆ ತಿರುಗಿ ಬರಲಿಲ್ಲ ಎಂದು ಅವಳು ಕೇಳಿದರೆ ಹೇಳಲು ಏನೂ ಇರಲಿಲ್ಲ.

ಅಕ್ಕ ತಮ್ಮನ ಕೈ ಬಿಟ್ಟಿರಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ಬಿಸಿನೀರು ಕುಡಿಯೋ ಅಂತ ನಾನು ಹೇಳ್ತಿದ್ದದ್ದು ಯಾರಿಗೆ?"

ಸಾಹೇಬರು ಹಳೆಯ ಬಾಗಿಲ ಕಡೆ ತಿರುಗಿದರು. ಹೆರೆದ ಬುಡದ ಕೆಳಗೆ ಆ ಮನೆಯ ಬೆಳಕು ನುಣ್ಣನೆಯ ನೆಲದ ಮೇಲೆ ಒಂದು ಗೆರೆಯಾಗಿ ಬಿದ್ದಿತ್ತು.

"ನಿಮ್ಮ ಬೀಗದ ಕೈ?" ಎಂದು ಪಿಸುದನಿಯಲ್ಲಿ ಕೇಳಿದರು.

ತಮ್ಮ ತನ್ನ ಜೇಬು ಮುಟ್ಟಿ ತೋರಿಸಿದ. ಇನ್ನೊಂದು ಬೀಗದ ಕೈ ಇಲ್ಲ ಎಂದು ತಲೆಯಾಡಿಸಿದ.

ನೆಲದ ಮೇಲಿನ ಬೆಳಕಿನ ಗೆರೆ ನಡುವೆ ಎರಡು ಕಡೆ ಕಪ್ಪಾಯಿತು. ಬಾಗಿಲಿಗೆ ಒತ್ತಿಕೊಂಡು ಯಾರೋ ಬಂದು ನಿಂತಿದ್ದರು. ತಡೆದುಕೊಂಡು, ತಡೆಯಲಾಗದೆ, ಆ ಕಡೆಯಿಂದ ಒಂದು ಕೆಮ್ಮು ಬಂತು.

"ಇದೇ," ಎಂದರು ಅಕ್ಕ.